ಮೂರನೇ ಸ್ಟೂಲು

ಭಾವಿ ಅಳಿಯಂದಿರನ್ನು ಓಡಿಸುವುದರಲ್ಲಿ ಲಾಯ್ ಕ್ವೆನ್‌ಳದು ಎತ್ತಿದ ಕೈ. ಮೊದಲನೆಯವನ ಬಾಯಿ ತೆರೆಸಿ ಹಲ್ಲು ನೋಡಿದ್ದಳು. ಎರಡನೆಯವನು ಹುಟ್ಟಿದ ಗಳಿಗೆಯನ್ನು ಜೋಯಿಸನಿಗೆ ತೋರಿಸಿ, ಅವನಿಗೆ ಎರಡು ಮದುವೆ ಬರೆದಿದೆಯೆಂದು ಅವನ ತಾಯಿಗೇ ಫೋನು ಮಾಡಿದ್ದಳು. ಹಾಗಾಗಿ ಮಗಳು ಕಿಟ್ ಯೀ ಮೂರನೆಯವನನ್ನು ಆರು ತಿಂಗಳಾದರೂ ತೋರಿಸಿರಲಿಲ್ಲ. ಅವನನ್ನು ನೋಡದೆ ಲಾಯ್ ಕ್ವೆನ್‌ಗೆ ಅನ್ನ ಸೇರುತ್ತಿರಲಿಲ್ಲ. ಮಗಳಿಗೆ ಮೂವತ್ತನಾಲ್ಕು, ಇವನೂ ಕೈತಪ್ಪಿದರೆ ಗತಿಯೇನು ಎಂಬ ಹೆದರಿಕೆಯೂ ಇತ್ತು. ಅದನ್ನು ಮಾತ್ರ ಅವಳು ಒಪ್ಪಿಕೊಳ್ಳುವವಳಲ್ಲ.

ಮಗಳ ಫೋನಿನಲ್ಲಿ ಹಣಕಿದಾಗ ಸುಳಿವು ಸಿಕ್ಕಿತು: ಶನಿವಾರ ಮೂರು ಗಂಟೆ, ಶಾಮ್ ಶುಯ್ ಪೋ ಪೇಟೆಯ ಹಳೇ ಸಿಹಿ ಅಂಗಡಿ. ಅಲ್ಲಿ ಖಾಲಿ ಸ್ಟೂಲು ಯಾರಪ್ಪನ ಸ್ವತ್ತೂ ಅಲ್ಲ. ಮಾಲೀಕಿ ಬೆರಳು ತೋರಿಸಿದ ಕಡೆ, ಗುರುತಿಲ್ಲದವರ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂರಬೇಕು. ಮೂರೂಕಾಲಿಗೆ ಲಾಯ್ ಕ್ವೆನ್ ಆ ಜೋಡಿಯ ಮೇಜಿಗೆ ಬಂದು ಮೂರನೇ ಸ್ಟೂಲಿನಲ್ಲಿ ಕೂತಳು.

"ಇಲ್ಲಿ ಯಾರೂ ಇಲ್ಲ ತಾನೇ?" ಎಂದು ಕೇಳಿದಳು, ಕೂತಾದ ಮೇಲೆ.

ಕಿಟ್ ಯೀಯ ಚಮಚ ಬಾಯಿಯ ಹತ್ತಿರವೇ ನಿಂತುಬಿಟ್ಟಿತು.

"ಕೂತ್ಕೊಳ್ಳಿ ಆಂಟಿ," ಎಂದ ಹುಡುಗ ಪಾಕ್ ಹೇ, ಅವಳ ಮುಂದಿನ ಜಾಗವನ್ನು ಒರೆಸಿಯೂ ಕೊಟ್ಟ. ಹಲ್ಲು ಸರಿಯಾಗಿಯೇ ಇದ್ದವು.

ಕಪ್ಪೆಳ್ಳಿನ ಗಂಜಿ ಬಂತು. ಲಾಯ್ ಕ್ವೆನ್ ಒಂದು ಚಮಚ ಚಪ್ಪರಿಸಿ, "ಪರವಾಗಿಲ್ಲ, ಸಿಹಿ ಜಾಸ್ತಿ ಇಲ್ಲ," ಎಂದಳು. ಸಿಹಿ ಅಂಗಡಿಗೆ ಅವಳು ಕೊಡುವ ಅತಿ ದೊಡ್ಡ ಬಿರುದು ಅದು. ಆಮೇಲೆ ವಿಚಾರಣೆ ಶುರುವಾಯಿತು.

"ಮದುವೆ ಆಗಿದೆಯೇನಪ್ಪಾ?"

"ಇನ್ನೂ ಇಲ್ಲ ಆಂಟಿ. ಇವಳು ಹ್ಞೂಂ ಅನ್ಬೇಕಲ್ಲ."

"ಹುಡುಗಿ ಮನೆಯವರನ್ನ ಕೇಳಿದೀಯೋ ಇಲ್ವೋ?"

"ಕೇಳೋಕೆ ಯಾರಿದಾರೆ? ಪಾಪ, ಇವಳಮ್ಮ ತೀರಿಕೊಂಡು ಮೂರು ವರ್ಷ ಆಯ್ತು."

ಲಾಯ್ ಕ್ವೆನ್ ಚಮಚ ಕೆಳಗಿಟ್ಟಳು. ತಿನ್ನುವಾಗ ಯಾರಾದರೂ ಸಾವಿನ ಮಾತೆತ್ತಿದರೆ ಅಪಶಕುನವೆಂದು ಥೂ ಥೂ ಎನ್ನುವವಳು, ಈಗ ತನ್ನದೇ ಸಾವಿಗೆ ಉಗುಳುವುದೋ ಅಳುವುದೋ ತಿಳಿಯದೆ ಮಗಳ ಕಡೆ ತಿರುಗಿದಳು.

"ಏನಾಗಿತ್ತಮ್ಮಾ ಆಕೆಗೆ?"

"ಬಾಯಿ ಕಾಯಿಲೆ," ಎಂದಳು ಕಿಟ್ ಯೀ, ಬಟ್ಟಲನ್ನೇ ನೋಡುತ್ತ. "ಮುಚ್ಚೋಕೇ ಆಗ್ತಿರಲಿಲ್ಲ."

"ತುಂಬಾ ನರಳಿದಳಾ?"

"ಅವಳಲ್ಲ. ನಾನು."

"ಹಾಗೆಲ್ಲ ಅನ್ಬಾರ್ದು ಕಣೇ, ಎಷ್ಟಾದ್ರೂ ತಾಯಿ," ಎಂದ ಪಾಕ್ ಹೇ. "ನೋಡಿ ಆಂಟಿ, ಬರೋ ವಾರ ಚಿಂಗ್ ಮಿಂಗ್ ಹಬ್ಬ. ಎಲ್ರೂ ಬೆಟ್ಟ ಹತ್ತಿ ಹಿರಿಯರ ಸಮಾಧಿ ಗುಡಿಸೋಕೆ ಹೋಗ್ತಾರೆ. ನಾನೂ ಬಂದು ಅಮ್ಮನ ಮುಂದೆ ಮೂರು ಸಲ ಬಗ್ಗಿ, ಮಗಳನ್ನ ಕೊಡಿ ಅಂತ ಕೇಳ್ತೀನಿ ಅಂದ್ರೆ, ಸಮಾಧಿ ಎಲ್ಲಿದೆ ಅಂತ ಇವಳು ಹೇಳೋದೇ ಇಲ್ಲ. ಕೇಳದೆ ಮದುವೆ ಹೇಗಾಗೋದು?"

ಲಾಯ್ ಕ್ವೆನ್ ಮಗಳ ಮುಖ ನೋಡಿದಳು. ಅಲ್ಲಿ ಸಿಟ್ಟಿರಲಿಲ್ಲ, ಬರೀ ಹೆದರಿಕೆಯಿತ್ತು. ಹೆತ್ತ ಮಗಳು ತನಗೆ ಇಷ್ಟು ಹೆದರುತ್ತಾಳೆಂಬುದು ತಾನು ಸತ್ತ ಸುದ್ದಿಗಿಂತ ಹೆಚ್ಚು ನೋಯಿಸಿತು.

"ಸಮಾಧಿಗೆ ಏನು ತಗೊಂಡು ಹೋಗ್ಬೇಕು ಆಂಟಿ? ನಿಮ್ಮಂಥ ಹಿರಿಯರಿಗೆ ಗೊತ್ತಿರುತ್ತೆ."

"ಹುರಿದ ಹಂದಿ," ಎಂದು ಲಾಯ್ ಕ್ವೆನ್ ಎದ್ದು ನಿಂತಳು. "ಚರ್ಮ ಗರಿಗರಿ ಇರ್ಲಿ. ಆದ್ರೆ ಬೆಟ್ಟ ಹತ್ತೋ ಕಷ್ಟ ಬೇಡಪ್ಪಾ. ಇಲ್ಲಿಂದ ಬಸ್ಸಲ್ಲಿ ಆರು ಸ್ಟಾಪು, ಇಳಿದ್ರೆ ಎದುರಿಗೇ ಹಸಿರು ಗೇಟು, ಮೂರನೇ ಮಹಡಿ. ಬೆಲ್ ಒತ್ತು, ಸತ್ತವಳೇ ಬಂದು ಬಾಗಿಲು ತೆಗೀತಾಳೆ."