ಒಂದು ಗೇಣು ಕೆಳಗೆ

ಸಂಕ್ರಾಂತಿ ಕಳೆದರೂ ಚಳಿ ಬಿಟ್ಟಿರಲಿಲ್ಲ. ಹೊರಮಾವಿನ ಮನೆಯ ಜಗಲಿಯಲ್ಲಿ ರಾಮಲಕ್ಷ್ಮಮ್ಮ ರಾತ್ರಿಯೇ ನೆನೆಹಾಕಿದ್ದ ಅವರೆಕಾಳು ಹಿತುಕುತ್ತಿದ್ದರು. ಮಗಳು ಹಂಸಳ ಕೂಸಿಗೆ ಅವತ್ತು ನಾಮಕರಣ. ಇಪ್ಪತ್ತು ಎಲೆಯ ಊಟ.

"ಅಮ್ಮ, ಜೋಲಿ ನೆಲಕ್ಕೆ ಕೂತ್ಬಿಟ್ಟಿದೆ, ಬಾ ಇಲ್ಲಿ," ಒಳಗಿನಿಂದ ಹಂಸ ಕರೆದಳು.

ಕೂಸಿಗಿಂತ ಮೊದಲು ಗುಂಡುಕಲ್ಲು ಮಲಗಿಸಿ ತೂಗುವುದು ಆ ಮನೆಯ ಪದ್ಧತಿ. ಹಳೆಮನೆ ಕೆಡವಿದಾಗ ಚಿಕ್ಕ ಗುಂಡು ಎಲ್ಲೋ ಹೋಗಿತ್ತು. ಉಳಿದದ್ದು ದೊಡ್ಡ ಒರಳಿನದು. ಮಗ ಕೆಂಪರಾಜ್ ಅದನ್ನು ಎದೆಗೊತ್ತಿಕೊಂಡು ತಂದು ಹಿಂದಿನ ದಿನವೇ ಜೋಲಿಯಲ್ಲಿಟ್ಟಿದ್ದ.

ಈಗ ಕಲ್ಲು ತೆಗೆದರೆ ಜೋಲಿ ಮೇಲೇನೋ ಬಂತು, ಆದರೆ ಮೊದಲಿಗಿಂತ ಒಂದು ಗೇಣು ಕೆಳಗೇ ನಿಂತಿತು. ಅದನ್ನು ತೂಗುಹಾಕಿದ್ದ ಸ್ಪ್ರಿಂಗಿನ ಸುರುಳಿಗಳು ಬಾಯಿ ಬಿಟ್ಟಿದ್ದವು.

ಸ್ಪ್ರಿಂಗು ಅವರದಲ್ಲ. ಮಹಡಿಯ ಬಾಡಿಗೆಮನೆಯ ಶಾಂತಕುಮಾರಿಯವರದು. ಅವರ ಮಗ ಭಾರ್ಗವ್ ಅದರಲ್ಲೇ ಮಲಗಿ ಬೆಳೆದವನು. ಚೈತ್ರದಲ್ಲಿ ಸೊಸೆಗೆ ಹೆರಿಗೆ. ಅಷ್ಟರೊಳಗೆ ವಾಪಸು ಕೊಡುವ ಮಾತಾಗಿತ್ತು.

"ಶಿವಾಜಿನಗರದಲ್ಲಿ ಇಂಥದ್ದೇ ಸಿಗುತ್ತೆ. ಅವ್ರಿಗೇನ್ ಗೊತ್ತಾಗುತ್ತೆ," ಎಂದ ಕೆಂಪರಾಜ್.

"ನಂಗೆ ಗೊತ್ತಲ್ಲ ಕಣೋ."

ಸ್ಪ್ರಿಂಗು ಬಿಚ್ಚಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು ರಾಮಲಕ್ಷ್ಮಮ್ಮ ಮೆಟ್ಟಿಲು ಹತ್ತಿದರು. ನಡೆದದ್ದನ್ನೆಲ್ಲ ಬಾಗಿಲಲ್ಲೇ ಹೇಳಿಬಿಟ್ಟರು. ಶಾಂತಕುಮಾರಿ ಸ್ಪ್ರಿಂಗನ್ನು ತೆಗೆದುಕೊಂಡು ಗಂಡ ಗುರುರಾಜರ ಕೈಗೆ ಕೊಟ್ಟರು.

ಅವರು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಸ್ಪ್ರಿಂಗುಗಳನ್ನೇ ಪರೀಕ್ಷೆ ಮಾಡಿ ನಿವೃತ್ತರಾದವರು. ಒಂದೊಂದು ಸುರುಳಿಯನ್ನೂ ಉಗುರಿನಿಂದ ತಡವಿ ನೋಡಿದರು.

"ಗುಂಡು ಎಷ್ಟು ತೂಕ ಇತ್ತಮ್ಮ?"

"ಮೂವತ್ತು ಕೆಜಿ ಇರ್ಬೋದು."

"ಅದು ಕೂಸಿಗೆ ಇಟ್ಟಿದ್ದೋ, ಕೂಸಿನ ತಾತನಿಗೋ?"

ಅಡುಗೆಮನೆಯಿಂದ ಐದು ಕೆಜಿ ಅಕ್ಕಿಚೀಲ ತಂದು ಕಿಟಕಿಯ ಸರಳಿಗೆ ಸ್ಪ್ರಿಂಗು ಸಿಕ್ಕಿಸಿ ತೂಗುಹಾಕಿದರು. ನಾಲ್ಕು ಬೆರಳು ಇಳಿಯಿತು. ಚೀಲ ತೆಗೆದರು. ಅಷ್ಟೇ ಮೇಲೇರಿತು.

"ತಾಳೋವಷ್ಟು ತೂಕ ಹಾಕಿದ್ರೆ ಇಳಿದಷ್ಟೂ ವಾಪಸ್ ಬರುತ್ತೆ. ಮೀರಿ ಎಳೆದ್ರೆ ಸ್ವಲ್ಪ ಹಾಗೇ ಉಳ್ಕೊಳ್ಳುತ್ತೆ. ಉದ್ದ ಆಗಿದೆ, ಸೋತಿಲ್ಲ. ಬಿರುಕೂ ಇಲ್ಲ. ಹಗ್ಗ ಒಂದು ಗೇಣು ಮೇಲಕ್ಕೆ ಕಟ್ಟಿ, ಕೂಸಿಗೆ ಧಾರಾಳ."

"ಆದ್ರೂ ಹೊಸದು ತರಿಸ್ಕೊಡ್ತೀನಿ ಶಾಂತಮ್ಮ."

"ಹೊಸದ್ರಲ್ಲಿ ನಮ್ಮ ಭಾರ್ಗವ್ ಮಲಗಿಲ್ವಲ್ಲ," ಎಂದರು ಶಾಂತಕುಮಾರಿ. ಸರಳಿನಿಂದ ಸ್ಪ್ರಿಂಗು ಬಿಚ್ಚಿ ರಾಮಲಕ್ಷ್ಮಮ್ಮನ ಕೈಗೇ ಇಟ್ಟರು. "ತಗೊಂಡ್ಹೋಗಿ, ಹೊತ್ತಾಗುತ್ತೆ. ಚೈತ್ರಕ್ಕೆ ಇದನ್ನೇ ತಂದ್ಕೊಡಿ." ಮತ್ತೆ ಏನೋ ನೆನಪಾದವರಂತೆ ಅಕ್ಕಿಚೀಲ ಎತ್ತಿಕೊಂಡರು. "ನಡೀರಿ, ನಾನೂ ಬರ್ತೀನಿ. ಈ ಸಲ ಇದನ್ನ ಮಲಗಿಸಿ."

ಮಧ್ಯಾಹ್ನ ಅಕ್ಕಿಚೀಲವನ್ನು ಮೂರು ಸಲ ತೂಗಿ, ಆಮೇಲೆ ಕೂಸನ್ನು ಮಲಗಿಸಿದರು. ಅದು ಕಣ್ಣು ಬಿಡದೆ ನಿದ್ದೆ ಮಾಡಿತು.

ಚೈತ್ರದಲ್ಲಿ ರಾಮಲಕ್ಷ್ಮಮ್ಮ ಸ್ಪ್ರಿಂಗಿಗೆ ಎಣ್ಣೆ ಸವರಿ ಮೇಲೆ ಕೊಟ್ಟುಬಂದರು. ಜೊತೆಗೆ ಐದು ಕೆಜಿ ಅಕ್ಕಿಯನ್ನೂ. ನಾಮಕರಣದ ದಿನ ಇಪ್ಪತ್ತು ಎಲೆ ಮೂವತ್ತೈದಾಗಿ, ಆ ಚೀಲದ ಅಕ್ಕಿಯನ್ನೂ ಅನ್ನಕ್ಕೆ ಹಾಕಿಬಿಟ್ಟಿದ್ದರು.