ಸನ್‌ಡೌನ್ ಪಾಲಿನ ರಕ್ತ

ನಮ್ಮ ಕೋಲ್ಟನ್ ಫೆರಿಯ ಜನ ಕೊಡುವುದರಲ್ಲಿ ಎತ್ತಿದ ಕೈ. ಯಾರ ಮನೆಯಲ್ಲಾದರೂ ಸಾವಾಯಿತೆನ್ನಿ, ಅಳು ನಿಲ್ಲುವ ಮೊದಲೇ ಬಾಗಿಲಿಗೆ ಹುರಿದ ಕೋಳಿ, ಮೆಕ್ಕೆಜೋಳದ ರೊಟ್ಟಿ, ಸಿಹಿಗೆಣಸಿನ ಪೈ ಬಂದಿರುತ್ತವೆ. ಆದರೆ "ಸ್ವಲ್ಪ ರಕ್ತ ಕೊಡಿ" ಎಂದು ಕೇಳಿ ನೋಡಿ. ಒಬ್ಬರಿಗೆ ಒಲೆಯ ಮೇಲೆ ಬೀನ್ಸ್ ಇಟ್ಟು ಬಂದದ್ದು ನೆನಪಾಗುತ್ತದೆ. ಇನ್ನೊಬ್ಬರಿಗೆ ನಿಂತಲ್ಲೇ ಸೊಂಟ ಹಿಡಿದುಕೊಳ್ಳುತ್ತದೆ.

ಇದು ನನಗೆ ಚೆನ್ನಾಗಿ ಗೊತ್ತು. ಆ ವರ್ಷ ಮನೆಮನೆಗೆ ಹೋಗಿ ಕೇಳಿದವಳು ನಾನೇ. ನನ್ನ ಹೆಸರು ಲುವೆನಿಯಾ. ನಮ್ಮ ಚರ್ಚಿನ ಅಡುಗೆಮನೆ ನನ್ನ ಕೈಯಲ್ಲಿದೆ. ಮೀನು ಹುರಿಯುವುದರಲ್ಲಿ ನನ್ನನ್ನು ಮೀರಿಸಿದವರನ್ನು ನಾನಿನ್ನೂ ನೋಡಿಲ್ಲ, ನೋಡಿದ್ದರೂ ಒಪ್ಪುವುದಿಲ್ಲ.

ನನ್ನ ಮೊಮ್ಮಗಳು ಟವಾನಾ ಆಗ ಎರಡನೇ ತರಗತಿ. ಹುಟ್ಟಿನಿಂದಲೇ ಅವಳಿಗೊಂದು ಕಾಯಿಲೆ. ರಕ್ತದ ಕಣಗಳು ದುಂಡಗಿರುವ ಬದಲು ಕುಡುಗೋಲಿನ ಹಾಗೆ ಬಾಗುತ್ತವೆ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ನೋವು ಬಂದಾಗ ಮಗು ಹಾಸಿಗೆಯಲ್ಲಿ ಮುದುಡಿಕೊಂಡು "ಅಜ್ಜಿ, ಕಾಲು ಒತ್ತು" ಅನ್ನುತ್ತಿತ್ತು. ಒತ್ತಿದರೆ "ಬೇಡ, ಬಿಡು" ಅನ್ನುತ್ತಿತ್ತು. ಆ ವಸಂತದಲ್ಲಿ ನೋವು ಎದೆಗೇರಿ ಉಸಿರು ಕಟ್ಟತೊಡಗಿತು. ಜಿಲ್ಲಾ ಆಸ್ಪತ್ರೆಯಲ್ಲಿ ಸೇರಿಸಿಕೊಂಡರು. ರಕ್ತ ಕೊಡಲೇಬೇಕು ಅಂದರು. ಆದರೆ ಹೊಂದುವ ರಕ್ತ ಸಿಗುತ್ತಿರಲಿಲ್ಲ.

ನಮ್ಮ ಚರ್ಚಿನ ವರ್ಡೆಲ್ ಅದೇ ಆಸ್ಪತ್ರೆಯಲ್ಲಿ ನರ್ಸ್. ನನ್ನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದಳು. ನಮ್ಮ ಚರ್ಚಿನಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಸಿಸ್ಟರ್, ಬ್ರದರ್.

"ಸಿಸ್ಟರ್ ಲುವೆನಿಯಾ, ಇವಳಿಗೆ ಈಗಾಗ್ಲೇ ತುಂಬಾ ಸಲ ರಕ್ತ ಏರಿಸಿದೀವಿ. ಎಷ್ಟೋ ಜನರ ರಕ್ತಾನ ಈಗ ಅವಳ ಮೈ ಒಪ್ತಾ ಇಲ್ಲ. ಗುಂಪು ಒಂದೇ ಇದ್ರೆ ಸಾಲ್ದು, ಒಳಗಿನ ಸಣ್ಣ ಸಣ್ಣ ಗುರುತುಗಳೂ ಹೊಂದ್ಬೇಕು. ಅದು ನಮ್ಮ ಕರಿಯ ಜನರಲ್ಲೇ ಸಿಗೋದು ಜಾಸ್ತಿ."

"ನಮ್ಮೋರು ಕೊಡಲ್ವಾ?"

"ಕೊಡೋರು ಬೆರಳೆಣಿಕೆ. ಕೂಡಿಡೋಣ ಅಂದ್ರೆ ಅದೇನು ಉಪ್ಪಿನಕಾಯೀನಾ? ಕೆಲವು ವಾರಕ್ಕೆ ಕೆಟ್ಟೋಗತ್ತೆ. ಹೊಸದು ಬರ್ತಾನೇ ಇರ್ಬೇಕು."

ಚರ್ಚಿನ ಹಾಲ್‌ನಲ್ಲಿ ರಕ್ತದಾನದ ಶಿಬಿರ ಮಾಡುವುದೆಂದು ನಿಶ್ಚಯವಾಯಿತು. ದಿನವನ್ನೂ ನಾನೇ ಆರಿಸಿದೆ: ಸನ್‌ಡೌನ್ ಭಾನುವಾರದ ಹಿಂದಿನ ಶನಿವಾರ. ಅಂದು ಊರು ಬಿಟ್ಟು ಹೋದವರೂ ಬಂದಿರುತ್ತಾರೆ.

ಸನ್‌ಡೌನ್ ಎಂದರೆ ಎಜೆಕಿಯಲ್ ಹಾರ್ಟ್‌ಫೀಲ್ಡ್, ನಮ್ಮೂರ ಬೇಸ್‌ಬಾಲ್ ಪಿಚರ್. ಕರಿಯರಿಗೆ ಬೇರೆ ನಲ್ಲಿ, ಬೇರೆ ಬಾಗಿಲು, ಬೇರೆ ಬೇಸ್‌ಬಾಲ್ ಇದ್ದ ಕಾಲದಲ್ಲಿ ಚೆಂಡೆಸೆದವನು. ದೊಡ್ಡ ಲೀಗಿನವರು ಅವನನ್ನು ಗೇಟಿನೊಳಗೆ ಬಿಡಲಿಲ್ಲ. ನಮ್ಮ ಫೆರಿ ಟೈಗರ್ಸ್ ತಂಡ ಒಂದು ಹಳೆಯ ಬಸ್ಸಿನಲ್ಲಿ ಊರೂರು ಸುತ್ತಿ ಆಡುತ್ತಿತ್ತು. ಕೆಲವು ಊರುಗಳ ಗಡಿಯಲ್ಲಿ ಬೋರ್ಡು ಇರುತ್ತಿತ್ತು: ಹೊತ್ತು ಮುಳುಗುವುದರೊಳಗೆ ಕರಿಯರು ಜಾಗ ಖಾಲಿ ಮಾಡಬೇಕು. ಹಗಲು ಇವರ ಆಟಕ್ಕೆ ಟಿಕೆಟ್ ಕೊಂಡು ಚಪ್ಪಾಳೆ ತಟ್ಟಿದವರೇ ಕತ್ತಲಾದ ಮೇಲೆ ಕೋವಿ ಹಿಡಿದು ಬರುತ್ತಿದ್ದರು. ಅಂಥ ಊರುಗಳಲ್ಲಿ ಎಜೆಕಿಯಲ್ ಎಸೆಯುತ್ತಿದ್ದ ರೀತಿಯೇ ಬೇರೆ. ಎಷ್ಟೇ ತಡವಾಗಿ ಆಟ ಶುರುವಾಗಲಿ, ಅವನು ಬಿಸಿಲಿರುವಾಗಲೇ ಮುಗಿಸುತ್ತಿದ್ದ. ಸನ್‌ಡೌನ್ ಅಂದರೆ ಹೊತ್ತು ಮುಳುಗುವುದು; ಅದಕ್ಕೇ ಆ ಹೆಸರು ಬಂತು.

ಆ ಬಸ್ಸಿನಲ್ಲಿ ನನ್ನ ಗಂಡನೂ ಇದ್ದ. ರೂಫಸ್ ಎಲ್ಲಿಗೇ ಆಡಲು ಹೋದರೂ ನನ್ನ ಮನೆಗೆ ತಿರುಗಿ ಬಂದ. ಆ ಉಪಕಾರವನ್ನು ನಾನು ಸಾಯುವ ತನಕ ಮರೆಯುವವಳಲ್ಲ.

ಸನ್‌ಡೌನ್ ತೀರಿಹೋಗಿ ಬಹಳ ವರ್ಷವಾಯಿತು, ರೂಫಸ್ ಕೂಡ. ಆದರೆ ವರ್ಷಕ್ಕೊಮ್ಮೆ ಅವನ ಹೆಸರಿನಲ್ಲಿ ಆಟ ನಡೆಯುತ್ತದೆ. ಅಂದು ಪಾದ್ರಿಗಳು ಪ್ರಸಂಗವನ್ನು ಚಿಕ್ಕದು ಮಾಡುತ್ತಾರೆ, ಅದೇ ಒಂದು ಪವಾಡ. ಹ್ಯಾಟು, ಸೂಟು ಹಾಕಿಕೊಂಡೇ ಜನ ಮೈದಾನಕ್ಕೆ ನಡೆಯುತ್ತಾರೆ. ಮೊದಲ ಚೆಂಡು ಎಸೆಯುವವರು ಹೊಜಿಯಾ ಟಾರ್ವರ್. ಸನ್‌ಡೌನ್ ಎಸೆದ ಚೆಂಡನ್ನೆಲ್ಲ ಹಿಡಿದ ಕ್ಯಾಚರ್ ಅವರೇ. ಅರವತ್ತು ದಾಟಿದ್ದರೂ ಬೇಲಿಗೂಟ ನೆಟ್ಟ ಹಾಗೆ ಗಟ್ಟಿಮುಟ್ಟು. ಊರಿನ ಗಂಡಸರಿಗೆಲ್ಲ ಅವರ ಮಾತೇ ಮಾತು.

ಆ ಟಾರ್ವರ್ ಶಿಬಿರಕ್ಕೆ ಬರುವುದಿಲ್ಲ ಅಂದುಬಿಟ್ಟರು. ಅವರು ಬರದಿದ್ದರೆ ಉಳಿದವರೂ ಇಲ್ಲ. ನಾನು ಪೀಚ್ ಹಣ್ಣಿನ ಸಿಹಿ ಮಾಡಿಕೊಂಡು, ವರ್ಡೆಲ್‌ಳನ್ನು ಕರೆದುಕೊಂಡು ಅವರ ಜಗಲಿಗೆ ಹೋದೆ.

"ಲಂಚಾನಾ?" ಅಂದರು ತಟ್ಟೆ ನೋಡಿ.

"ಹೌದು. ಮೊದ್ಲು ತಿನ್ನಿ, ಆಮೇಲೆ ಬೈಯಿರಿ."

ತಿಂದರು. ಎರಡನೇ ಸಲವೂ ಹಾಕಿಸಿಕೊಂಡರು. ಆಮೇಲೆ ಬಲತೋಳು ನೀವಿಕೊಳ್ಳುತ್ತ ಹೇಳಿದರು, "ನೋಡು ಸಿಸ್ಟರ್, ಭಾನುವಾರ ನಾನು ಚೆಂಡು ಎಸೀಬೇಕು. ಎಸೆಯೋ ತೋಳಿಗೆ ಸೂಜಿ ತಾಗ್ಬಾರ್ದು. ಶಕ್ತಿ ಸೋರಿ ಹೋಗತ್ತೆ. ನಮ್ಮ ತಂಡದಲ್ಲಿ ಒಬ್ಬನೂ ಎಸೆಯೋ ತೋಳಿಗೆ ಸೂಜಿ ಹಾಕಿಸ್ಕೊಂಡೋನಲ್ಲ."

ವರ್ಡೆಲ್‌ಗೆ ನಗು ಬಂತು. "ಬ್ರದರ್ ಟಾರ್ವರ್, ದೇವರು ಎಡತೋಳೂ ಕೊಟ್ಟಿದಾನಲ್ಲ?"

"ರಕ್ತ ಅಲ್ಲಿಂದಾನೂ ಅದೇ ತಾನೇ?"

"ಅದೇ. ಆದ್ರೆ ಮೈ ಅದನ್ನ ತಿರುಗಿ ತುಂಬ್ಕೊಳ್ಳತ್ತೆ. ನೀರು, ಜ್ಯೂಸು ಕುಡಿದ್ರೆ ಒಂದೆರಡು ದಿನದಲ್ಲಿ ನೀರಿನಂಶ ಬರತ್ತೆ. ಕಣಗಳು ಕೆಲವು ವಾರದಲ್ಲಿ ಬರ್ತವೆ. ಅವತ್ತೊಂದು ದಿನ ಭಾರ ಎತ್ಬೇಡಿ, ಅಷ್ಟೆ."

"ಸೂಜಿಯಿಂದ ರೋಗ ಅಂಟಿದ್ರೆ?"

"ಒಬ್ಬೊಬ್ರಿಗೂ ಹೊಸ ಸೂಜಿ. ನಿಮ್ಮ ಕಣ್ಣೆದುರಿಗೇ ಬಿಚ್ತೀನಿ, ನಿಮ್ಮ ಕಣ್ಣೆದುರಿಗೇ ಎಸೀತೀನಿ."

"ನನಗೆ ವಯಸ್ಸಾಯ್ತು."

"ಅದನ್ನ ನಾವು ನೋಡ್ತೀವಿ. ರಕ್ತದ ಒತ್ತಡ, ಹಿಮೋಗ್ಲೋಬಿನ್ ಎಲ್ಲ ಪರೀಕ್ಷೆ ಮಾಡ್ತೀವಿ. ನಿಮಗೆ ತೊಂದ್ರೆ ಆಗೋ ಹಾಗಿದ್ರೆ ನಾವೇ ಬೇಡ ಅಂತೀವಿ."

'ಬೇಡ' ಎಂಬ ಮಾತು ಕೇಳಿದ್ದೇ ಟಾರ್ವರ್ ಮುಖ ಬಿಗಿಯಾಯಿತು. ತಟ್ಟೆ ಕೆಳಗಿಟ್ಟರು.

"ಅದೊಂದು ಮಾತು ನಾನು ಈಗಾಗ್ಲೇ ಕೇಳಿದೀನಮ್ಮ," ಅಂದರು. "ಯುದ್ಧದ ಕಾಲ. ಸೈನಿಕರಿಗೆ ರಕ್ತ ಬೇಕು ಅಂತ ರೇಡಿಯೋದಲ್ಲಿ ಕೂಗಿದ್ದೇ ಕೂಗಿದ್ದು. ನಾನು, ಸನ್‌ಡೌನ್ ಇಬ್ರೂ ಹೋದ್ವಿ. ತಂಡದ ಕೋಟು ಹಾಕ್ಕೊಂಡು, ಬೂಟಿಗೆ ಪಾಲಿಶ್ ಮಾಡ್ಕೊಂಡು ಹೋದ್ವಿ. ಬಾಗಿಲಲ್ಲಿದ್ದ ಹೆಂಗಸು 'ನಿಮ್ಮದು ಬೇಡ' ಅಂದ್ಲು. ನಮ್ಮ ರಕ್ತ ಕರಿಯರ ರಕ್ತವಂತೆ. ಆಮೇಲೆ ತಗೊಳ್ಳೋಕೆ ಶುರುಮಾಡಿದ್ರಲ್ಲ, ಆಗ್ಲೂ ಬೇರೆ ಚೀಟಿ ಅಂಟಿಸಿ ಬೇರೆ ಇಟ್ರು. ಬಾಗಿಲಿಂದ ತಿರುಗಿ ಬಂದ ಸನ್‌ಡೌನ್ ಬಸ್ಸಿನ ಹಿಂದಿನ ಸೀಟಲ್ಲಿ ಕೂತ್ಕೊಂಡು, ಮಡಚಿದ್ದ ಅಂಗಿತೋಳು ಇಳಿಸಿ ಗುಂಡಿ ಹಾಕ್ಕೊಂಡ. ಅವತ್ತು ಬೇಡ ಅಂದೋರು ಇವತ್ತು ಕೈ ಚಾಚ್ತಾರಾ? ಕೊಡಲ್ಲ."

ವರ್ಡೆಲ್ ನನ್ನ ಕಡೆ ತಿರುಗಿದಳು.

ನನಗೆ ಸಿಟ್ಟು ಬಂತು. ಸಿಟ್ಟು ಬಂದಾಗ ನನ್ನ ಬಾಯಿ ನನ್ನನ್ನು ಕೇಳಿ ಮಾತಾಡುವುದಿಲ್ಲ.

"ಬ್ರದರ್ ಟಾರ್ವರ್, ಪ್ರತಿ ವರ್ಷ ನೀವು ಮೈದಾನದಲ್ಲಿ ಹೇಳೋ ಕಥೆ ಇದೆಯಲ್ಲ, ಈಗ ನನಗೆ ಹೇಳಿ. ಆ ಬೋರ್ಡಿನ ಊರುಗಳಲ್ಲಿ ಸನ್‌ಡೌನ್ ಹೇಗೆ ಎಸೀತಿದ್ದ?"

"ನಿನಗೆ ಗೊತ್ತಲ್ಲ."

"ನಿಮ್ಮ ಬಾಯಲ್ಲೇ ಕೇಳ್ಬೇಕು."

ಅವರು ಅಂಗಳ ನೋಡಿಕೊಂಡು ಹೇಳಿದರು. "ಅವನ ವೇಗದ ಚೆಂಡು ಯಾರ ಬ್ಯಾಟಿಗೂ ಸಿಗ್ತಿರ್ಲಿಲ್ಲ. ಆದ್ರೆ ಬ್ಯಾಟು ತಾಗಿಸ್ದೆ ಒಬ್ಬೊಬ್ಬನನ್ನೂ ಔಟ್ ಮಾಡೋಕೆ ಮೂರು ಎಸೆತವಾದ್ರೂ ಬೇಕು, ಹೊತ್ತು ಹಿಡಿಯತ್ತೆ. ಅದಕ್ಕೆ ಅಲ್ಲೆಲ್ಲ ಹೊಡೆಯೋ ಹಾಗೆ ಎಸೀತಿದ್ದ. ಹೊಡೆದ್ರೂ ಚೆಂಡು ನೆಲ ಹಿಡ್ಕೊಂಡು ನಮ್ಮವರ ಕೈಗೇ ಹೋಗ್ಬೇಕು, ಹಾಗೆ. ಹೊಡೆದೋನು ಓಡಿ ಮುಟ್ಟೋದ್ರೊಳಗೆ ಚೆಂಡು ಅಲ್ಲಿರ್ತಿತ್ತು, ಒಂದೇ ಎಸೆತಕ್ಕೆ ಒಬ್ಬ ಔಟ್. ನಾನು ವೇಗದ್ದು ಎಸೆ ಅಂತ ಸನ್ನೆ ಮಾಡ್ತಿದ್ದೆ, ಅವನು ತಲೆ ಅಲ್ಲಾಡಿಸ್ತಿದ್ದ. ಪೇಪರಿನವರು 'ಇವನಲ್ಲಿ ಅಂಥಾದ್ದೇನಿಲ್ಲ' ಅಂತ ಬರೆದ್ರು. ದೊಡ್ಡ ಹೆಸರಿನ ಪಿಚರುಗಳ ಸಾಲಲ್ಲಿ ಅವನ ಹೆಸರೇ ಇಲ್ಲ."

"ಯಾಕೆ ಹಾಗೆ ಮಾಡ್ದ?"

"ನಾವು ಮನೆಗೆ ಹೋಗ್ಬೇಕಿತ್ತಲ್ಲ," ಅಂದರು ಟಾರ್ವರ್.

"ನನ್ನ ರೂಫಸ್ ಮನೆಗೆ ಬಂದಿದ್ದು ಅದಕ್ಕೇ," ಅಂದೆ. ನನ್ನ ದನಿ ಒಡೆಯಿತು, ಒಡೆಯಲಿ ಅಂತ ಬಿಟ್ಟೆ. "ಅವನು ಬಂದ, ನನಗೆ ಮಗ ಹುಟ್ಟಿದ, ಮಗನಿಗೆ ಟವಾನಾ ಹುಟ್ಟಿದ್ಲು. ಈಗ ಅವಳೂ ಮನೆಗೆ ಬರ್ಬೇಕು. ನಿಮ್ಮ ಕೋಪ ಬಿಡಿ ಅಂತ ನಾನು ಹೇಳಲ್ಲ. ಅದು ನ್ಯಾಯವಾದ ಕೋಪ, ಇಟ್ಕೊಳ್ಳಿ. ಆದ್ರೆ ಆ ಬಾಗಿಲಲ್ಲಿ ನಿಂತು ಬೇಡ ಅಂದಿದ್ದು ನನ್ನ ಮೊಮ್ಮಗಳಲ್ಲ. ಅವಳು ಬೇಕು ಅಂತಾ ಇದಾಳೆ."

ಟಾರ್ವರ್ ಮತ್ತೆ ಬಲತೋಳು ನೀವಿಕೊಂಡರು. ನಾವು ಎದ್ದು ಬಂದೆವು. ತಟ್ಟೆಯನ್ನು ಅಲ್ಲೇ ಮರೆತೆ.

ಶನಿವಾರ ಬೆಳಿಗ್ಗೆ ಚರ್ಚಿನ ಹಾಲ್‌ನಲ್ಲಿ ಮಂಚಗಳನ್ನು ಸಾಲಾಗಿ ಹಾಕಿದ್ದರು. ನಾನು ಬಂದವರಿಗೆ ತಿಂಡಿ ಕೊಟ್ಟು ಕಳಿಸುತ್ತಿದ್ದೆ, ಹಸಿದ ಹೊಟ್ಟೆಯಲ್ಲಿ ರಕ್ತ ಕೊಡಬಾರದು ಎಂದು ವರ್ಡೆಲ್ ಕಟ್ಟುನಿಟ್ಟಾಗಿ ಹೇಳಿದ್ದಳು. ಬಂದವರು ಯಾರು? ಪಾದ್ರಿಗಳು, ಅವರ ಹೆಂಡತಿ, ನನ್ನ ಮಗ, ಇಬ್ಬರು ಟೀಚರುಗಳು. ಗಂಡಸರೆಲ್ಲ ರಸ್ತೆಯಾಚೆ ಮರದ ಕೆಳಗೆ ನಿಂತು ಕಾಫಿ ಕುಡಿಯುತ್ತ ನಮ್ಮ ಬಾಗಿಲನ್ನೇ ನೋಡುತ್ತಿದ್ದರು.

ಅಷ್ಟರಲ್ಲಿ ಟಾರ್ವರ್ ಬಂದರು. ಮೈಮೇಲೆ ಫೆರಿ ಟೈಗರ್ಸ್ ತಂಡದ ಹಳೆಯ ಕೋಟು. ಗುಂಡಿ ಹಾಕಲು ಹೊಟ್ಟೆ ಬಿಟ್ಟಿರಲಿಲ್ಲ. ಬೂಟಿಗೆ ಪಾಲಿಶ್. ಕೈಯಲ್ಲಿ ತೊಳೆದ ನನ್ನ ತಟ್ಟೆ. ಪರೀಕ್ಷೆಗಳೆಲ್ಲ ಸರಿಬಂದವು. ಮಂಚದ ಮೇಲೆ ಮಲಗಿ ಬಲತೋಳು ಚಾಚಿದರು.

"ಎಡಗಡೆ ಕೊಡಿ, ನಾಳೆ ಎಸೀಬೇಕಲ್ಲ," ಅಂದಳು ವರ್ಡೆಲ್.

"ಅವತ್ತು ಕೊಡೋಕೆ ಹೋಗಿದ್ದು ಈ ತೋಳನ್ನ. ಇದರಿಂದ್ಲೇ ತಗೋ."

ಸ್ವಲ್ಪ ಹೊತ್ತಿನಲ್ಲೇ ಚೀಲ ತುಂಬಿತು. ವರ್ಡೆಲ್ ಹತ್ತಿ ಒತ್ತಿ ಪಟ್ಟಿ ಹಾಕಿದಳು. ಟಾರ್ವರ್ ಏಳಲಿಲ್ಲ.

"ಇನ್ನೊಂದು ತಗೋ."

"ಏನು?"

"ಅವತ್ತು ಹೋದೋರು ನಾವಿಬ್ರು. ಇದು ನನ್ನದು. ಸನ್‌ಡೌನ್‌ದು ಬಾಕಿ ಇದೆಯಲ್ಲ."

ವರ್ಡೆಲ್ ನಕ್ಕಳು, ಕಣ್ಣನ್ನೂ ಒರೆಸಿಕೊಂಡಳು. "ಒಂದ್ಸಲಕ್ಕೆ ಒಂದೇ ಬ್ರದರ್ ಟಾರ್ವರ್. ಎರಡು ತಿಂಗಳು ಬಿಟ್ಟು ಬನ್ನಿ. ಅವರದ್ದು ಆಗ ತಗೋತೀನಿ."

"ಮರೀಬೇಡ."

ಅವರು ಹೊರಗೆ ಹೋಗಿ ಮರದ ಕೆಳಗಿನವರ ಮುಂದೆ ನಿಂತು ತೋಳಿನ ಪಟ್ಟಿ ತೋರಿಸಿದರು. "ಏನ್ರೋ, ಸೂಜಿಗೆ ಹೆದರ್ಕೊಂಡು ನಿಂತಿದೀರಾ? ಸನ್‌ಡೌನ್ ನಿಮ್ಮ ಅಪ್ಪಂದಿರನ್ನ ಮನೆಗೆ ಸೇರಿಸಿದ್ದು ನೀವು ಇಲ್ಲಿ ನಿಂತು ಕಾಫಿ ಕುಡೀಲಿ ಅಂತಾನಾ?" ಆಮೇಲೆ ನನಗೆ ತಿಂಡಿ ಹಂಚಿ ಪೂರೈಸಲಿಲ್ಲ. ಮೊಟ್ಟೆ ಮುಗಿಯಿತು, ರೊಟ್ಟಿ ಮುಗಿಯಿತು, ಮಧ್ಯಾಹ್ನದ ಮೀನನ್ನೂ ಹುರಿದು ಬಡಿಸಿದೆ.

ಭಾನುವಾರ ಟಾರ್ವರ್ ಮೊದಲ ಚೆಂಡು ಎಸೆದರು. ಚೆಂಡು ನೆಟ್ಟಗೆ ಹೋಗಿ ಗ್ಲೌಸಿಗೆ ಬಿತ್ತು. "ಶಕ್ತಿ ಸೋರಿಲ್ಲ!" ಎಂದು ಯಾರೋ ಕೂಗಿದರು. ಮೈದಾನವೆಲ್ಲ ನಕ್ಕಿತು.

ಆ ವಾರವೇ ಟವಾನಾಗೆ ಹೊಂದುವ ರಕ್ತ ಸಿಕ್ಕಿತು. ಯಾರದು ಎಂದು ಆಸ್ಪತ್ರೆಯವರು ಹೇಳುವುದಿಲ್ಲ, ಅದು ಅವರ ನಿಯಮ. ನಮ್ಮ ಹಾಲ್‌ನಿಂದ ಹೋದದ್ದೋ, ಬೇರೆಲ್ಲಿಂದಲೋ ಬಂದದ್ದೋ, ನನಗೆ ಗೊತ್ತಿಲ್ಲ. ಹಾಗಾಗಿ ನಾನು ದಾರಿಯಲ್ಲಿ ಸಿಕ್ಕವರಿಗೆಲ್ಲ ಥ್ಯಾಂಕ್ಸ್ ಹೇಳುತ್ತೇನೆ. ಜನ ನನ್ನನ್ನು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. ಮಗು ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು.

ಎರಡು ತಿಂಗಳು ಕಳೆದ ಮೇಲೆ ವರ್ಡೆಲ್ ಮರೆತಿದ್ದಳು, ಟಾರ್ವರ್ ಮರೆತಿರಲಿಲ್ಲ. ಅದೇ ಕೋಟು ಹಾಕಿಕೊಂಡು ಬಸ್ಸು ಹತ್ತಿ ಜಿಲ್ಲಾ ಆಸ್ಪತ್ರೆಗೆ ಹೋದರು. ಬಾಗಿಲಲ್ಲಿದ್ದ ಹುಡುಗಿ "ಬನ್ನಿ ಸರ್, ಒಳಗೆ ಬನ್ನಿ" ಅಂದಳಂತೆ. ಊರಿಗೆ ಬಂದು ನನಗೆ ಆ ಮಾತನ್ನು ಮತ್ತೆ ಮತ್ತೆ ಹೇಳಿದರು. "'ಬನ್ನಿ ಸರ್' ಅಂದ್ಲು ಲುವೆನಿಯಾ. ಸನ್‌ಡೌನ್ ಕೇಳ್ಬೇಕಿತ್ತು."

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮನ್ನೂ ಯಾರೋ ಮನೆಗೆ ಮುಟ್ಟಿಸಿದ್ದಾರೆ. ಅವರು ತೀರಿಹೋಗಿರಬಹುದು, ಅವರ ಹೆಸರೂ ನಿಮಗೆ ಗೊತ್ತಿಲ್ಲದಿರಬಹುದು. ಹತ್ತಿರದ ಆಸ್ಪತ್ರೆಗೆ ಹೋಗಿ ಕೇಳಿ. ನೀವು ಕೊಡಬಹುದೋ ಇಲ್ಲವೋ, ಎಷ್ಟು ದಿನಕ್ಕೊಮ್ಮೆ ಕೊಡಬಹುದು ಎಂದು ಅಲ್ಲಿನವರೇ ಪರೀಕ್ಷಿಸಿ ಹೇಳುತ್ತಾರೆ. ಹೊಟ್ಟೆಗೆ ತಿಂದು ಹೋಗಿ, ನೀರು ಕುಡಿದು ಹೋಗಿ. ಮೊದಲ ಸಲ ನಿಮ್ಮ ಪಾಲು ಕೊಡಿ. ಎರಡನೇ ಸಲ, ನಿಮ್ಮನ್ನು ಮನೆಗೆ ಮುಟ್ಟಿಸಿದವರ ಪಾಲು ಕೊಡಲು ಹೋಗಿ.