ಅರ್ಧ ಜವಾಬು

ಪಾನಾ ಫೋನು ಮಾಡಿದಾಗ ಬಾಗಿಲಪ್ಪ ಬಾಲ್ಕನಿಯಲ್ಲಿ ಕೂತು ಕಾಲಿನ ಉಗುರು ಕತ್ತರಿಸಿಕೊಳ್ಳುತ್ತಿದ್ದ. ಎರಡೂ ಅಪ್ಪ ಅಮ್ಮ ಇಟ್ಟ ಹೆಸರುಗಳಲ್ಲ, ಮಿಲಿಟರಿಯಲ್ಲಿ ಅಂಟಿಕೊಂಡಂಥವು. ಒಬ್ಬ ಹೆಲಿಕಾಪ್ಟರಿನ ಮೆಕ್ಯಾನಿಕ್, ಊಟಕ್ಕೆ ಕೂತಾಗಲೂ ಜೇಬಿನಲ್ಲಿ ನಟ್ಟು ತಿರುಗಿಸುವ ಪಾನಾ ಇಟ್ಟುಕೊಂಡಿರುತ್ತಿದ್ದವನು. ಇನ್ನೊಬ್ಬ ಅದೇ ಹೆಲಿಕಾಪ್ಟರಿನ ತೆರೆದ ಬಾಗಿಲಲ್ಲಿ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು, ಅರ್ಧ ಒಳಗೆ ಅರ್ಧ ಹೊರಗೆ ನಿಂತಿರುತ್ತಿದ್ದವನು. ಅವನಿಗೆ ಬಾಗಿಲಪ್ಪ ಅನ್ನದೆ ಇನ್ನೇನು ಅನ್ನುತ್ತಾರೆ?

ಪಾನಾ ಈಗ ಒಂದು ತಾಂತ್ರಿಕ ಶಾಲೆಯಲ್ಲಿ ಹುಡುಗರಿಗೆ ಎಂಜಿನ್ ಬಿಚ್ಚಿ ಜೋಡಿಸುವುದನ್ನು ಕಲಿಸುತ್ತಿದ್ದ. ಅಲ್ಲಿಯ ಶೆಡ್ಡಿನಲ್ಲಿ ನಮ್ಮದೇ ಜಾತಿಯ ಹಳೇ ಹೆಲಿಕಾಪ್ಟರ್ ಒಂದಿದೆ, ರಜೆ ಮುಗಿಯುವ ಹೊತ್ತಿಗೆ ಅದನ್ನು ಕತ್ತರಿಸಿ ಗುಜರಿಗೆ ಹಾಕುತ್ತಾರೆ, ಅಷ್ಟರೊಳಗೆ ಒಂದು ಸಲ ಮೂವರೂ ಅದರಲ್ಲಿ ಕೂತು ಚಹಾ ಕುಡಿಯೋಣ ಅಂದ. ಮೂವರು ಎಂದ ಕೂಡಲೇ ಬಾಗಿಲಪ್ಪನ ಕೈಯಲ್ಲಿದ್ದ ಉಗುರು ಕತ್ತರಿ ನಿಂತಿತು. ಮೂರನೆಯವನು ಯಜಮಾನ, ಆ ಹೆಲಿಕಾಪ್ಟರನ್ನು ಹಾರಿಸುತ್ತಿದ್ದ ಪೈಲಟ್. ಆ ಮನುಷ್ಯ ಬರುವುದಾದರೆ ತಾನು ಬರುವುದಿಲ್ಲ ಎಂದು ಬಾಗಿಲಪ್ಪ ಫೋನು ಇಟ್ಟುಬಿಟ್ಟ. ಸಂಜೆ ತಾನೇ ಮಾಡಿ, ಬರುತ್ತೇನೆ ಅಂದ.

ಬರುತ್ತೇನೆ ಅಂದಿದ್ದು ಚಹಾದ ಆಸೆಗಲ್ಲ. ಯುದ್ಧ ಮುಗಿದು ಮೂವತ್ತಕ್ಕೂ ಮಿಕ್ಕಿ ವರ್ಷಗಳಾಗಿದ್ದವು. ಅಷ್ಟೂ ವರ್ಷ ಒಂದು ಮಾತು ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಅದನ್ನು ಆ ಮನುಷ್ಯನ ಮುಖಕ್ಕೆ ಹೇಳಬೇಕಿತ್ತು. ಬೆನ್ನ ಹಿಂದೆ ಮಾತ್ರ ಧಾರಾಳವಾಗಿ ಹೇಳಿದ್ದ, ಅದರಲ್ಲಿ ಜಿಪುಣತನ ತೋರಿಸಿದವನಲ್ಲ. ಬಸ್ ಡಿಪೋದಲ್ಲಿ ಕೆಲಸಕ್ಕಿದ್ದಷ್ಟು ಕಾಲವೂ ಟಯರ್ ಬದಲಿಸುತ್ತ ಹೇಳಿದ್ದ. ಹೆಂಡತಿ ಬದುಕಿರುವ ತನಕ ಅವಳಿಗೆ ಹೇಳಿದ್ದ. ಮಗಳಿಗಂತೂ ಅನ್ನ ಕಲಸಿ ತಿನ್ನಿಸುವಾಗಲೇ ಹೇಳಿ ಹೇಳಿ, ಅವಳು ಆ ಕತೆಯನ್ನು ನುಂಗಿಕೊಂಡೇ ಬೆಳೆದಿದ್ದಳು.

ಕತೆ ಇಷ್ಟು. ನದಿ ಪಕ್ಕದ ಒಂದು ಮುರುಕಲು ಶಾಲೆಯಿಂದ ಗಾಯಾಳುಗಳನ್ನು ಎತ್ತಿಕೊಂಡು ಬರಬೇಕಿತ್ತು. ಇಳಿದರು, ತುಂಬಿಸಿಕೊಂಡರು. ಕೊನೆಯ ಗಾಯಾಳುವನ್ನು ಸ್ಟ್ರೆಚರಿನಲ್ಲಿ ಇಬ್ಬರು ಹುಡುಗರು ಹೊತ್ತುಕೊಂಡು ಗೋಡೆಯ ಮರೆಯಿಂದ ಓಡಿ ಬರುತ್ತಿದ್ದರು. ಗುಂಡು ಹಾರತೊಡಗಿತು. ಆ ಯಂತ್ರದಲ್ಲಿ ಪೈಲಟ್ಟಿಗೆ ಹಿಂದಿನದೂ ಕಾಣುವುದಿಲ್ಲ, ಬಾಗಿಲ ಕಡೆಯ ನೆಲವೂ ಕಾಣುವುದಿಲ್ಲ. ಅದಕ್ಕೇ ಮೇಲೇಳುವ ಮುಂಚೆ ಅವನು ಎರಡು ಪ್ರಶ್ನೆ ಕೇಳಬೇಕೆಂಬುದು ಕಟ್ಟಳೆ. ಮೊದಲು 'ಹಿಂದೆ?' ಅಂದರೆ ಬಾಲಕ್ಕೆ ಮರವೋ ಕಂಬವೋ ತಗಲುತ್ತದೆಯೇ ಎಂದು. ಆಮೇಲೆ 'ಹೊರಗೆ?' ಅಂದರೆ ನೆಲದ ಮೇಲೆ ನಮ್ಮವರು ಯಾರಾದರೂ ಉಳಿದಿದ್ದಾರೆಯೇ ಎಂದು. ಬಾಗಿಲಲ್ಲಿ ನಿಂತವನು ಜವಾಬು ಕೊಡಬೇಕು. ಯಜಮಾನ ಅವತ್ತು ಒಂದೇ ಪ್ರಶ್ನೆ ಕೇಳಿದ. ಹಿಂದೆ ಅಂತ ಕೇಳಿದ, ಬಾಲಕ್ಕೆ ಅಡ್ಡಿಯಿಲ್ಲದ್ದರಿಂದ ಬಾಗಿಲಪ್ಪ ಖಾಲಿ ಅಂದ. ಎರಡನೆಯದನ್ನು ಕೇಳದೆ ಆ ಪುಣ್ಯಾತ್ಮ ಎದ್ದೇಬಿಟ್ಟ. ಜನ ಇದ್ದಾರೆ, ಜನ ಇದ್ದಾರೆ ಎಂದು ಬಾಗಿಲಪ್ಪ ಗಂಟಲು ಹರಿಯುವಂತೆ ಕಿರುಚಿದ. ಅಷ್ಟು ಹೊತ್ತಿಗೆ ಮರದೆತ್ತರ ಏರಿಯಾಗಿತ್ತು, ಕೆಳಗಿಂದ ಗುಂಡು, ಹೊಟ್ಟೆ ತುಂಬ ಗಾಯಾಳುಗಳು. ಇನ್ನು ಆಗಲ್ಲ ಎಂದಿತು ಕಿವಿಗೆ ಹಾಕಿಕೊಂಡ ಹೆಡ್‌ಫೋನಿನ ತಂತಿಯಲ್ಲಿ ಯಜಮಾನನ ದನಿ. ಮಾರನೆಯ ದಿನ ನಮ್ಮವರು ಅಲ್ಲಿಗೆ ಹೋದಾಗ ಮೂವರ ಹೆಣಗಳೂ ಗೋಡೆಯ ಬುಡದಲ್ಲಿದ್ದವು.

ವಿಚಾರಣೆ ನಡೆದು ಯಜಮಾನನನ್ನು ಹಾರಾಟದಿಂದ ಇಳಿಸಿದರು. ಆಮೇಲೆ ಅವನು ಹಾಲಿನ ಲಾರಿ ಓಡಿಸಿಕೊಂಡಿದ್ದಾನೆ ಎಂದು ಯಾರೋ ಹೇಳಿದಾಗ ಬಾಗಿಲಪ್ಪ, ಆ ಪುಕ್ಕಲನಿಗೆ ಅದೂ ಜಾಸ್ತಿಯಾಯಿತು ಅಂದಿದ್ದ.

ಭಾನುವಾರ ಮಗಳೇ ಕಾರಿನಲ್ಲಿ ಕರೆದುಕೊಂಡು ಹೋದಳು. ಅವಳು ಡ್ರೈವಿಂಗ್ ಶಾಲೆ ನಡೆಸುವವಳು. ಕಲಿಯಲು ಬಂದವರು ತಪ್ಪು ಮಾಡಿದರೆ ಅಲ್ಲೇ ಬ್ರೇಕ್ ತುಳಿದು, ಅಲ್ಲೇ ಬೈದು, ಅಲ್ಲೇ ಮರೆಯುವವಳು. ಮನಸ್ಸಿನಲ್ಲಿಟ್ಟುಕೊಂಡು ಕೊರಗುವುದು ಅವಳ ಜಾಯಮಾನವಲ್ಲ. ದಾರಿಯುದ್ದಕ್ಕೂ, ಹೇಳುವುದನ್ನು ಹೇಳಿಯೇ ಬರಬೇಕು, ಕೊನೇ ಗಳಿಗೆಯಲ್ಲಿ ಮೆತ್ತಗಾಗಬಾರದು ಎಂದು ಅಪ್ಪನನ್ನು ಹುರಿದುಂಬಿಸಿದಳು. ಅವನು ಮನಸ್ಸಿನಲ್ಲೇ ಮಾತು ಜೋಡಿಸಿಕೊಳ್ಳುತ್ತ ಕೂತಿದ್ದ.

ಆದರೆ ಜೋಡಿಸಿಕೊಂಡದ್ದೆಲ್ಲ ಶೆಡ್ಡಿನ ಬಾಗಿಲಲ್ಲೇ ಕಳಚಿತು. ಯಜಮಾನ ಮುದುಕನಾಗಿದ್ದ. ಅಗಲವಾದ ಭುಜಗಳಿದ್ದ ಜಾಗದಲ್ಲಿ ಅಂಗಿ ಮಾತ್ರ ಉಳಿದಿತ್ತು. ಎಡಗೈ ತನ್ನಷ್ಟಕ್ಕೆ ನಡುಗುತ್ತಿತ್ತು, ಅದನ್ನು ಬಲಗೈಯಿಂದ ಹಿಡಿದುಕೊಂಡಿದ್ದ. ಬಾಗಿಲಪ್ಪನನ್ನು ಕಂಡವನೇ ಬಾರೋ ಎಂದು, ಹಳೇ ಸಲಿಗೆಯಲ್ಲೇ ಕರೆದ. ಪಕ್ಕದಲ್ಲಿ ಅವನ ಹೆಂಡತಿ ಫ್ಲಾಸ್ಕು, ಬಿಸ್ಕತ್ತಿನ ಡಬ್ಬ ಹಿಡಿದು ನಿಂತಿದ್ದಳು. ಇವರು ನಿಮಗೆಲ್ಲ ಯಜಮಾನ್ರಂತೆ, ನನಗೂ ಇವರೇ ಯಜಮಾನ್ರು, ಮಾತು ಕೇಳಿದ್ದು ಮಾತ್ರ ನೀವುಗಳೇ ಎಂದು ನಕ್ಕಳು. ಪಾನಾ ಜೋರಾಗಿ ನಕ್ಕ. ಬಾಗಿಲಪ್ಪನಿಗೂ ನಗು ಬಂದುಬಿಟ್ಟಿತು, ಬಂದದ್ದಕ್ಕೆ ತನ್ನ ಮೇಲೆಯೇ ಸಿಟ್ಟೂ ಬಂತು. ಮಗಳು ನಗಲಿಲ್ಲ.

ಹೆಲಿಕಾಪ್ಟರಿನ ರೆಕ್ಕೆ ಬಿಚ್ಚಿ ಗೋಡೆಗೆ ಒರಗಿಸಿದ್ದರು. ಒಳಗೆ ಹುಡುಗರು ವೈರುಗಳಿಗೆಲ್ಲ ಬಣ್ಣದ ಚೀಟಿ ಅಂಟಿಸಿದ್ದರು. ಆದರೂ ಎಣ್ಣೆಯ ಆ ವಾಸನೆ ಹಾಗೇ ಇತ್ತು. ಮೂಗಿಗೆ ಅದು ತಗುಲಿದ್ದೇ ತಡ, ಮೂವರ ಬಾಯಿಯೂ ಬಿಚ್ಚಿಕೊಂಡಿತು. ಗಾಳಿಗೆ ಹಾರಿಹೋದ ಕರ್ನಲ್ಲನ ಟೋಪಿ ಬಂತು, ಸಕ್ಕರೆ ಅಂತ ತಿಳಿದು ಉಪ್ಪಿನ ಮೂಟೆ ಹೊತ್ತು ಹಾರಿದ್ದು ಬಂತು. ಪಾನಾ ಹೇಳಿದ್ದಕ್ಕೆ ಯಜಮಾನ ತನ್ನದೊಂದು ಎಳೆ ಸೇರಿಸುವನು, ಅದಕ್ಕೆ ಬಾಗಿಲಪ್ಪ ಬಾಲ ಜೋಡಿಸುವನು. ನದಿ ಪಕ್ಕದ ಶಾಲೆಯ ಹತ್ತಿರ ಬಂದಾಗಲೆಲ್ಲ ಮಾತು ಮಾತ್ರ ಅಡ್ಡದಾರಿ ಹಿಡಿಯುತ್ತಿತ್ತು.

ಎಲ್ಲರೂ ನಿಮ್ಮ ನಿಮ್ಮ ಜಾಗಕ್ಕೆ ಹೋಗಿ ಎಂದು ಪಾನಾ ಹಟ ಹಿಡಿದ. ಯಜಮಾನನನ್ನು ಕೈಹಿಡಿದು ಮುಂದಿನ ಸೀಟಿಗೆ ಹತ್ತಿಸಿ, ತಾನು ಅವನ ಬೆನ್ನಿಗೆ ಕೂತ. ಬಾಗಿಲಪ್ಪ ಮಂಡಿ ನೋವನ್ನು ಬೈದುಕೊಂಡು ಬಾಗಿಲಿಗೆ ಹತ್ತಿದ. ಮೇಲಿನ ಸರಳು ಕೈಗೆ ಸಿಕ್ಕಿದ್ದೇ ಮೈ ತಾನಾಗಿ ಹೊರಕ್ಕೆ ಬಾಗಿತು, ಕತ್ತು ತಾನಾಗಿ ಬಾಲದ ಕಡೆ ತಿರುಗಿತು. ಅಷ್ಟರಲ್ಲಿ ಯಜಮಾನನ ಹೆಂಡತಿ ಕಪ್ಪುಗಳ ಟ್ರೇ ಹಿಡಿದು, ಮಗಳು ಫ್ಲಾಸ್ಕು ಹಿಡಿದು ಬಾಗಿಲ ಹತ್ತಿರಕ್ಕೇ ಬಂದಿದ್ದರು. ಮುಂದೆ ಕೂತ ಯಜಮಾನ ತಮಾಷೆಗೆ, ಹಳೇ ಗಡಸು ದನಿ ತೆಗೆದು ಕೇಳಿದ.

"ಹೊರಗೆ?"

"ಖಾಲಿ," ಅಂದ ಬಾಗಿಲಪ್ಪ.

ಯಜಮಾನನ ಹೆಂಡತಿ ಬಿದ್ದು ಬಿದ್ದು ನಕ್ಕಳು. "ಖಾಲಿಯಂತೆ. ಎದುರಿಗೇ ಇಬ್ಬರು ನಿಂತಿದ್ದೀವಿ, ಕಣ್ಣಿಗೆ ಬೀಳ್ತಿಲ್ವಾ ನಿಮಗೆ?"

ನಕ್ಕವಳು ಅವಳೊಬ್ಬಳೇ. ಮುಂದೆ ಯಜಮಾನನ ಬೆನ್ನು ಸೆಟೆದುಕೊಂಡಿತ್ತು. ಪಾನಾ ತಲೆ ಎತ್ತಿ ಬಾಗಿಲಪ್ಪನನ್ನೇ ನೋಡುತ್ತಿದ್ದ. ಅವನು ಬಾಲ ನೋಡ್ತಿದ್ದ ಕಣೇ, ಮೊದಲು ಬಾಲ ನೋಡೋದು ಅವನ ಅಭ್ಯಾಸ ಎಂದು ಯಜಮಾನ ಅವಸರವಾಗಿ ಹೇಳಿ, ಚಹಾ ಆರುತ್ತದೆ ಎಂದು ಇಳಿಯತೊಡಗಿದ. ಹೆಂಗಸರಿಬ್ಬರೂ ಅವನನ್ನು ಕೈಹಿಡಿದು ಶೆಡ್ಡಿನ ಪಕ್ಕದ ಕ್ಯಾಂಟೀನಿನ ಮೇಜಿನ ಕಡೆ ಕರೆದುಕೊಂಡು ಹೋದರು.

ಇಳಿದ ಬಾಗಿಲಪ್ಪನನ್ನು ಪಾನಾ ತೋಳು ಹಿಡಿದು ಶೆಡ್ಡಿನ ಮೂಲೆಯ ಎಣ್ಣೆ ಪೀಪಾಯಿಗಳ ಹಿಂದಕ್ಕೆ ಎಳೆದುಕೊಂಡು ಹೋದ.

"ಇವತ್ತೂ ಹಾಗೇ ಅಂದೆಯಲ್ಲೋ," ಅಂದ. "ಅವತ್ತೂ ಅವರು ಕೇಳಿದ್ದು ಹೊರಗೆ ಅಂತ. ಹಿಂದೆ ಬರೀ ಬಯಲು, ಇಳಿಯುವಾಗಲೇ ನೋಡಿಕೊಂಡಿದ್ದರು, ಅದಕ್ಕೇ ಅದನ್ನ ಬಿಟ್ಟು ನೇರವಾಗಿ ಹೊರಗೆ ಅಂತ ಕೇಳಿದರು. ನೀನು ಬಾಲದ ಕಡೆ ಕತ್ತು ಹಾಕಿಕೊಂಡು ಖಾಲಿ ಅಂದೆ. ನನ್ನ ಕಿವೀಲೂ ಅದೇ ತಂತಿ ಇತ್ತು. ಎರಡೂ ಕೇಳಿಸಿದೆ."

ಸುಳ್ಳು ಅನ್ನಲು ಬಾಗಿಲಪ್ಪ ಬಾಯಿ ತೆರೆದ. ಆದರೆ ಆಗಲೇ ಹಳೇ ಪಾಠ ನೆನಪಾಯಿತು. ಪ್ರಶ್ನೆಯ ಪದವನ್ನು ಸೇರಿಸಿಯೇ ಜವಾಬು ಕೊಡಬೇಕೆಂಬುದು ಮೊದಲ ದಿನ ಕಲಿಸಿದ ಪಾಠ. ಹಿಂದೆ ಖಾಲಿ. ಹೊರಗೆ ಖಾಲಿ. ಪದ ಸೇರಿಸಿದರೆ ಯಾವುದಕ್ಕೆ ಯಾವುದು ಎಂದು ಕೇಳಿದವನಿಗೂ ತಿಳಿಯುತ್ತದೆ, ಹೇಳುವವನಿಗೂ ತಿಳಿಯುತ್ತದೆ. ಬಾಗಿಲಪ್ಪನಿಗೋ ಅದು ಹುಡುಗಾಟದ ವಯಸ್ಸು, ಎರಡು ಪದ ಹೇಳಲು ಸೋಮಾರಿತನ. ಬರೀ ಖಾಲಿ ಅಂದುಬಿಡುತ್ತಿದ್ದ. ಪೂರ್ತಿ ಹೇಳೋ, ನಾಲಿಗೆ ಸವೆಯುತ್ತಾ ಎಂದು ಯಜಮಾನ ಎಷ್ಟು ಸಲ ಗದರಿದ್ದನೋ ಲೆಕ್ಕವಿಲ್ಲ. ಗದರಿದಾಗಲೆಲ್ಲ ಇವನು ಹಲ್ಲು ಕಿರಿದಿದ್ದ. ಅವತ್ತು ಪೂರ್ತಿ ಹೇಳಿದ್ದರೆ 'ಹಿಂದೆ ಖಾಲಿ' ಎಂದು ಬರುತ್ತಿತ್ತು, ನಾನು ಕೇಳಿದ್ದು ಅದಲ್ಲ ಎಂದು ಯಜಮಾನ ತಡೆಯುತ್ತಿದ್ದ, ಆ ಮೂವರೂ ಹತ್ತುತ್ತಿದ್ದರು.

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂಬುದನ್ನು ಪಾನಾ ತಾನಾಗಿ ಹೇಳಿದ. ವಿಚಾರಣೆಯ ಹಿಂದಿನ ದಿನ ಯಜಮಾನ ಪಾನಾನನ್ನು ಕೂರಿಸಿಕೊಂಡು, ಆ ಹುಡುಗನಿಗೆ ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ, ಮೂರು ಹೆಣ ಹೊತ್ತುಕೊಂಡು ಹೇಗೆ ಬಾಳುತ್ತಾನೆ, ನೀನು ಬಾಯಿ ಬಿಡಬೇಡ ಅಂದಿದ್ದನಂತೆ. ಹೊರಗೆ ಅಂತ ನಾನು ಕೇಳಲಿಲ್ಲ, ತಪ್ಪು ನನ್ನದೇ ಎಂದು ವಿಚಾರಣೆಯಲ್ಲಿ ಒಪ್ಪಿಕೊಂಡನಂತೆ. ನೀನು ಊರೆಲ್ಲ ಅವರ ಮಾನ ಹರಾಜು ಹಾಕ್ತಿದ್ದದ್ದೂ ಅವರಿಗೆ ಗೊತ್ತು, ಆದರೂ ಹೇಳೋಕೆ ಬಿಡಲಿಲ್ಲ ನನ್ನನ್ನ ಎಂದು ಪಾನಾ ಪೀಪಾಯಿಯ ಮೇಲೆ ಕೈ ಒರೆಸಿಕೊಂಡ.

ಭೂಮಿ ಬಾಯಿ ಬಿಡಬಾರದೇ ಅನ್ನುತ್ತಾರಲ್ಲ, ಬಾಗಿಲಪ್ಪನಿಗೆ ಆ ಮಾತಿನ ಅರ್ಥ ಈಗ ತಿಳಿಯಿತು. ಪುಕ್ಕಲ ಎಂಬ ಪದವನ್ನು ಎಷ್ಟು ಜನರ ಕಿವಿಗೆ ಹಾಕಿದ್ದೆನಪ್ಪಾ ಎಂದು ನೆನೆದರೆ ಮುಖಗಳು ಸಾಲುಗಟ್ಟಿ ಬಂದವು, ಡಿಪೋದವರು, ಬೀಗರು, ಸತ್ತುಹೋದ ಹೆಂಡತಿ. ಕೊನೆಗೆ ಮಗಳು ನೆನಪಾದಳು. ಅಯ್ಯೋ, ಅವಳು ಅಲ್ಲಿ ಅವರ ಜೊತೆಗಿದ್ದಾಳೆ ಎಂದು ಹೊಳೆದದ್ದೇ ಮಂಡಿಯನ್ನೂ ಮರೆತು ಕ್ಯಾಂಟೀನಿನ ಕಡೆ ಓಡಿದ.

ತಡವಾಗಿತ್ತು. ಮಗಳು ಎದ್ದು ನಿಂತಿದ್ದಳು.

"ಅಪ್ಪ ಹೇಳ್ತಾರೆ ಅಂತ ಕಾದೆ. ಅವರಿಗೆ ದಾಕ್ಷಿಣ್ಯ, ನನಗಿಲ್ಲ," ಅನ್ನುತ್ತಿದ್ದಳು. "ಹೊರಗೆ ಯಾರಿದ್ದಾರೆ ಅಂತ ಒಂದು ಮಾತು ಕೇಳೋಕೆ ನಿಮಗೆ ಆಗಲಿಲ್ಲ. ಮೂರು ಜನ ಸತ್ತರು. ನೀವು ಪುಕ್ಕಲು, ಸಾರ್."

ಬಾಗಿಲಪ್ಪನದೇ ಪದ, ಅವನದೇ ರಾಗ. ಯಜಮಾನ ನಡುಗುವ ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡ. ಹೌದಮ್ಮ, ನಿಮ್ಮಪ್ಪ ಹೇಳಿದ್ದು ಸರಿ ಎಂದಷ್ಟೇ ಹೇಳಿದ. ಅವನ ಹೆಂಡತಿಯ ಮುಖ ಬಿಳಿಚಿಕೊಂಡಿತ್ತು. ಅವಳು ಗಂಡನನ್ನು ನೋಡಲಿಲ್ಲ, ನೇರವಾಗಿ ಬಾಗಿಲಪ್ಪನ ಕಡೆ ತಿರುಗಿದಳು.

"ಇವರು ಮನೇಲಿ ಒಂದು ದಿನಾನೂ ಆ ವಿಷಯ ಎತ್ತಿಲ್ಲ. ಕೇಳಿದರೆ ಎದ್ದು ಹೋಗ್ತಾರೆ. ನೀವು ಬಾಗಿಲಲ್ಲೇ ಇದ್ದವರು, ನೀವು ಹೇಳಿ. ಇವರು ಕೇಳಲೇ ಇಲ್ವಾ?"

ಹೇಳಬೇಕಾದ್ದು ಒಂದೇ ಮಾತು. ಕೇಳಿದರು ಅಂದರೆ ಮುಗಿಯಿತು. ಪಾನಾ ಬಾಗಿಲಲ್ಲಿ ಬಂದು ನಿಂತು ಕಾಯುತ್ತಿದ್ದ. ಯಜಮಾನ ಬೇಡ ಎಂಬಂತೆ ಸಣ್ಣಗೆ ತಲೆ ಆಡಿಸಿದ. ಬೇಡ ಅಂದವನ ಮಾತು ಕೇಳುವ ವಿಧೇಯತೆ ಬಾಗಿಲಪ್ಪನಿಗೆ ಈಗಲೇ ಯಾಕೆ ಬರಬೇಕಿತ್ತು? ಬಾಗಿಲಪ್ಪ ಮಗಳನ್ನು ನೋಡಿದ. ಅವಳು ಅಪ್ಪನನ್ನು ನೋಡುತ್ತಿದ್ದ ಬಗೆ ನೋಡಿದ. ನಿಜ ಹೇಳಿದರೆ ಆ ನೋಟ ಇನ್ನೊಮ್ಮೆ ಸಿಗುವುದಿಲ್ಲ ಎಂದು ಅವನಿಗೆ ಗೊತ್ತಾಯಿತು.

"ಹಳೇದೆಲ್ಲ ಬಿಡಿ ಅಕ್ಕ," ಅಂದ. "ನನ್ನ ಮನಸ್ಸಲ್ಲಿ ಈಗ ಏನೂ ಇಲ್ಲ."

ಯಜಮಾನನ ಹೆಂಡತಿ ಸೆರಗಿನಿಂದ ಕಣ್ಣು ಒತ್ತಿಕೊಂಡಳು. "ಹೊಟ್ಟೆಗೆ ಹಾಕ್ಕೊಂಡ್ರಲ್ಲ, ಅಷ್ಟು ಸಾಕು," ಎಂದು ಎರಡೂ ಕೈ ಜೋಡಿಸಿದಳು. "ಇವರಿಗೆ ಇನ್ನಾದರೂ ನಿದ್ದೆ ಬರುತ್ತೆ."

ಪಾನಾ ತಿರುಗಿ ಹೊರಗೆ ಹೋದವನು ಮತ್ತೆ ಒಳಗೆ ಬರಲಿಲ್ಲ. ಯಜಮಾನ ಬಲಗೈಯಿಂದ ಒಂದು ಕಪ್ಪು ಚಹಾ ಬಗ್ಗಿಸಿ, ಕೂತ್ಕೊಳೋ ಎಂದು ಬಾಗಿಲಪ್ಪನ ಮುಂದೆ ಸರಿಸಿದ. ಬಾಗಿಲಪ್ಪ ಕೂತ, ಕುಡಿದ. ಅದು ಬಿಸಿಯಿತ್ತೋ ತಣ್ಣಗಿತ್ತೋ ಅವನಿಗೆ ತಿಳಿಯಲಿಲ್ಲ.

ವಾಪಸು ಬರುವಾಗ ಒಂದು ಸಿಗ್ನಲ್ಲಿನಲ್ಲಿ ನಿಂತಾಗ ಮಗಳು, ತಾನು ಅಷ್ಟು ಒರಟಾಗಿ ಹೇಳಬಾರದಿತ್ತು, ಪಾಪ ಆ ಹೆಂಗಸು ಅಂದಳು. ನಾಳೆ ಫೋನು ಮಾಡಿ ಬೇಸರ ಮಾಡಿಕೊಳ್ಳಬೇಡಿ ಅನ್ನುತ್ತೇನೆ ಅಂದಳು. ಆಮೇಲೆ ಸ್ಟಿಯರಿಂಗ್ ಮೇಲಿನ ಒಂದು ಕೈ ತೆಗೆದು ಅಪ್ಪನ ಕೈಮೇಲೆ ಇಟ್ಟಳು.

"ನಾನಾಗಿದ್ರೆ ಕ್ಷಮಿಸ್ತಿರಲಿಲ್ಲ ಅಪ್ಪ. ನೀವು ದೊಡ್ಡವರು. ನನ್ನ ಮಕ್ಕಳಿಗೆ ಆ ಕತೆ ಹೇಳುವಾಗ ಇನ್ಮೇಲೆ ಇದನ್ನೂ ಸೇರಿಸಿ ಹೇಳ್ತೀನಿ."

ಬಾಗಿಲಪ್ಪ ಹೂಂ ಅಂದ.